ಕನ್ನಡ ಬರುವ ಡಾಕ್ಟರು ಇದ್ದರು

ಅಕ್ಕ, ಈ ಕಡೆ ಕನ್ನಡ ಬರುವ ಡಾಕ್ಟರು ಯಾರೂ ಇಲ್ಲ ಎಂದು ಅವತ್ತು ನಾನು ಭಾವನಿಗೆ ಹೇಳಿದ್ದು ಸುಳ್ಳು. ಇದ್ದರು. ಲಾಸ್ ಗ್ಯಾಟೋಸಿನಲ್ಲಿ, ನಮ್ಮ ಗಿಲ್‌ರಾಯ್ ಮನೆಯಿಂದ ಕಾರಿನಲ್ಲಿ ಮುಕ್ಕಾಲು ಗಂಟೆ. ಮೈಸೂರಿನವರು. ಭಾವನ ತೊಂದರೆಗೆ ಬೇಕಾದ ಡಾಕ್ಟರೇ — ಮೂತ್ರಕೋಶದ ಡಾಕ್ಟರು. ನನಗೆ ಗೊತ್ತಿತ್ತು. ಗೊತ್ತಿದ್ದೇ ಇಲ್ಲ ಅಂದೆ.

ಎಂಬತ್ತರ ದಶಕದ ನಡುವಿನ ಮಾತು. ನೀವಿಬ್ಬರೂ ಊರಿಂದ ಅಮೆರಿಕಾಕ್ಕೆ ನನ್ನ ಹತ್ತಿರ ಬಂದು ಎರಡು ವರ್ಷವಾಗಿತ್ತು. ಭಾವ ನನ್ನ ಜೊತೆಗೇ ಬೆಳ್ಳುಳ್ಳಿ ಒಣಗಿಸುವ ಕಾರ್ಖಾನೆಗೆ ಬರುತ್ತಿದ್ದರು. ಕೆಲಸದ ಮಧ್ಯೆ ಮತ್ತೆ ಮತ್ತೆ ಬಾತ್‌ರೂಮಿಗೆ ಎದ್ದು ಹೋಗುತ್ತಿದ್ದರು.

"ಏನ್ ಭಾವ, ಆ ಬಾತ್‌ರೂಮ್ನ ನಿಮ್ಮ ಹೆಸರಿಗೆ ಬರೆಸ್ಕೊಂಡ್ರಾ?" ಎಂದು ಛೇಡಿಸಿದೆ.

"ನಗು, ನಗು. ನಿಂಗೂ ವಯಸ್ಸಾಯ್ತದೆ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಮಾತು ಬರೋ ಡಾಕ್ಟ್ರು ಯಾರಾದ್ರೂ ಅವ್ರಾ ನೋಡಪ್ಪ. ಇದನ್ನೆಲ್ಲ ಬಾಮೈದನ ಕೈಲಿ ಹೇಳ್ಸೋಕಾಗಲ್ಲ."

ಅದೇ ಸಂಜೆ ಡಾಕ್ಟರುಗಳ ಪಟ್ಟಿಯಿದ್ದ ಇನ್ಶೂರೆನ್ಸಿನವರ ಪುಸ್ತಕ ತೆಗೆದು ಕೂತೆ. ಮೂತ್ರಕೋಶದ ಡಾಕ್ಟರುಗಳ ಹೆಸರುಗಳೆಲ್ಲ ಒಂದೇ ಪುಟದಲ್ಲಿದ್ದವು. ನಡುವೆ ನಮ್ಮವರದು. ಆ ಹೆಸರಿನ ಮೇಲೆ ಬೆರಳಿಟ್ಟೆ — ಮತ್ತೆ ಬೆರಳು ಕೆಳಗೆ ಜಾರಿಸಿದೆ.

ಯಾಕೆ ಗೊತ್ತಾ? ಅದರ ಹಿಂದಿನ ವರ್ಷ ಸ್ಯಾನ್ ಹೋಸೆಯಲ್ಲಿ ಕನ್ನಡದವರೆಲ್ಲ ಸೇರಿ ಯುಗಾದಿ ಊಟ ಮಾಡಿದ್ದರು. ನಾನೊಬ್ಬನೇ ಹೋಗಿದ್ದೆ. ಹೊರಡುವ ಮುಂಚೆ ಕೈಯ ಬೆಳ್ಳುಳ್ಳಿ ವಾಸನೆ ಹೋಗಲೆಂದು ನಾಲ್ಕು ನಿಂಬೆಹಣ್ಣು ಉಜ್ಜಿದ್ದೆ. ಅಲ್ಲಿದ್ದವರೆಲ್ಲ ಇಂಜಿನಿಯರು, ಡಾಕ್ಟರು. ಒಬ್ಬೊಬ್ಬರೂ ಓದಿದ ಕಾಲೇಜಿನ ಮಾತೇ ಆಡುತ್ತಿದ್ದರು. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಈ ಡಾಕ್ಟರು. "ತಾವೆಲ್ಲಿ ಓದಿದ್ದು?" ಎಂದರು. ಮೈಸೂರಿನಲ್ಲಿ ಬಿ.ಎಸ್ಸಿ. ಎಂದುಬಿಟ್ಟೆ. ಕಾರ್ಖಾನೆಯ ಲ್ಯಾಬಿನಲ್ಲಿದ್ದೇನೆ ಎಂದೂ ಸೇರಿಸಿದೆ. ಅವರು ಸಂತೋಷದಿಂದ ಯಾವ ಕಾಲೇಜು, ಯಾವ ಮೇಷ್ಟ್ರು ಎಂದು ಕೇಳತೊಡಗಿದರು. ಮಜ್ಜಿಗೆ ತರುತ್ತೇನೆಂದು ಎದ್ದವನು ಮತ್ತೆ ಆ ಎಲೆಗೆ ಬಂದು ಕೂರಲಿಲ್ಲ.

ಭಾವ ನನ್ನ ಬಗ್ಗೆ ಹೊಸಬರ ಹತ್ತಿರ ಏನು ಹೇಳುತ್ತಿದ್ದರು ಎಂದು ನಿನಗೆ ಗೊತ್ತು. "ನಮ್ಮ ಬಾಮೈದ ಏಳನೇ ಕ್ಲಾಸಿಗೇ ಸ್ಕೂಲ್ ಬುಟ್ಟೋನು ಕಣ್ರೀ, ಹೋಟ್ಲಲ್ಲಿ ಲೋಟ ತೊಳ್ದೋನು, ನಮ್ಗೆ ಅಮೆರಿಕಾ ತೋರ್ಸ್ದ!" ಎದೆಯುಬ್ಬಿಸಿ ಹೇಳುತ್ತಿದ್ದರು. ಆ ಹೆಮ್ಮೆಗೇ ನಾನು ಹೆದರಿದೆ. ಡಾಕ್ಟರ ಮುಂದೆ ಕೂತ ಎರಡನೇ ನಿಮಿಷಕ್ಕೆ ಭಾವ ಅದನ್ನು ಹೇಳಿಯೇ ಹೇಳುತ್ತಿದ್ದರು.

ಹಾಗಾಗಿ ಪುಸ್ತಕ ಮುಚ್ಚಿ, "ನಮ್ಮವರು ಯಾರೂ ಇಲ್ಲ ಭಾವ," ಅಂದೆ. ಹತ್ತಿರದ ಒಬ್ಬ ಬಿಳಿ ಡಾಕ್ಟರಿಗೆ ಫೋನು ಮಾಡಿದೆ.

ಅವರ ಆಫೀಸಿನಿಂದ ಒಂದು ಕಾಗದ ಬಂತು. ಡಿಕ್ಷನರಿ ಇಟ್ಟುಕೊಂಡು ಓದಿದೆ. ಮೈಯಲ್ಲಿ ಏನೇನು ಬದಲಾವಣೆ ಕಾಣುತ್ತಿದೆಯೋ ಬರೆದುಕೊಂಡು ಬನ್ನಿ ಎಂದಿತ್ತು. ಭಾವನಿಗೆ ಹೇಳಿದೆ. ಅವರು ನೀನು ಊರಿಂದ ತಂದು ಅಡುಗೆಮನೆಗೆ ನೇತುಹಾಕಿದ್ದ ಕನ್ನಡ ಕ್ಯಾಲೆಂಡರಿನಿಂದ ಒಂದು ಹಾಳೆ ಕಿತ್ತುಕೊಂಡರು. ಯಾಕೆ ಕಿತ್ತಿರಿ ಎಂದು ನೀನು ಬೈದೆ. ಅವರು ನಕ್ಕರು.

ಡಾಕ್ಟರ ಕೋಣೆಯಲ್ಲಿ ಭಾವ ಜೇಬಿನಿಂದ ಆ ಹಾಳೆ ತೆಗೆದರು. ನಾಲ್ಕಾಗಿ ಮಡಿಸಿದ, ಎಣ್ಣೆ ಕಲೆಯ ಹಾಳೆ. ಆ ಬೆಳ್ಳಗಿನ ಕೋಣೆಯಲ್ಲಿ, ಆ ನರ್ಸಮ್ಮನ ಎದುರಿಗೆ — ನನಗೆ ನಾಚಿಕೆಯಾಯಿತು. "ಅದೆಲ್ಲ ಬೇಡ, ಇಡಿ ಭಾವ," ಅಂದೆ. ಇಟ್ಟುಕೊಂಡರು. ಡಾಕ್ಟರು ರಕ್ತ ಹೋಗುತ್ತದೆಯೇ ಎಂದು ಕೇಳಿದರು. ಅಷ್ಟು ಇಂಗ್ಲಿಷು ನನಗೆ ಬರುತ್ತಿತ್ತು. ಅದನ್ನು ಕನ್ನಡದಲ್ಲಿ ಭಾವನಿಗೆ ಕೇಳಬೇಕಿತ್ತು. ಅಕ್ಕನ ಗಂಡನಿಗೆ ಅಂಥದ್ದನ್ನು ಹೇಗೆ ಕೇಳಲಿ — ಕೇಳದೆ, "ನೋ, ನೋ," ಎಂದು ನಾನೇ ಉತ್ತರ ಕೊಟ್ಟೆ.

ಅವತ್ತಿನ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ವಯಸ್ಸಿನದು ಎಂದು ಮಾತ್ರೆ ಬರೆದರು. ಕಾರಿನಲ್ಲಿ ಭಾವ ಮೆಲ್ಲಗೆ, "ಎಲ್ಲಾ ಹೇಳಿದ್ಯಾ?" ಅಂದರು.

"ಎಲ್ಲಾ ಹೇಳಿದ್ದೀನಿ ಭಾವ. ಹೆದರೋ ಅಂಥದ್ದೇನಿಲ್ಲವಂತೆ."

ಅವರು ನಂಬಿದರು. ಒಂದು ವರ್ಷ ನಂಬಿಕೊಂಡೇ ಇದ್ದರು — ಕಾರ್ಖಾನೆಯಲ್ಲಿ ಕುಸಿದು ಬೀಳುವ ತನಕ.

ದೊಡ್ಡ ಆಸ್ಪತ್ರೆಗೆ ಸೇರಿಸಿದಾಗ ನೋಡಲು ಬಂದವರು ಅದೇ ಮೈಸೂರಿನ ಡಾಕ್ಟರು. ಬಾಗಿಲು ಮುಚ್ಚಿಕೊಂಡು ಭಾವನ ಜೊತೆ ಅರ್ಧ ಗಂಟೆ ಮಾತಾಡಿದರು. ಒಳಗಿಂದ ಭಾವನ ನಗು ಕೇಳಿಸಿತು — ನಿನಗೆ ನೆನಪಿದೆಯಾ, ಆಸ್ಪತ್ರೆಯಲ್ಲಿ ಅವರು ನಕ್ಕಿದ್ದು ಅದೊಂದೇ ಸಲ. ಹೊರಗೆ ಬಂದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಕೈ ಹಿಡಿದುಕೊಂಡರು. "ನಿಮ್ಮ ಭಾವ ಎಲ್ಲ ಹೇಳಿದರು. ಏಳನೇ ಕ್ಲಾಸಿನಿಂದ ಇಲ್ಲಿಯ ತನಕ... ದೊಡ್ಡ ವಿಷಯ ಸ್ವಾಮಿ." ಬಿ.ಎಸ್ಸಿ.ಯ ಮಾತನ್ನೇ ಎತ್ತಲಿಲ್ಲ. ನಾನು ಅಷ್ಟೊಂದು ಹೆದರಿದ್ದು ಇದಕ್ಕಾ?

ಆಮೇಲೆ ದನಿ ತಗ್ಗಿಸಿ, "ಕಾಯಿಲೆ ತುಂಬಾ ಹರಡಿದೆ. ಮೂತ್ರದಲ್ಲಿ ರಕ್ತ ಹೋಗೋಕೆ ಶುರುವಾಗಿ ವರ್ಷದ ಮೇಲಾಯ್ತಂತೆ. ಮೊದಲೇ ಯಾಕೆ ನನ್ನ ಹತ್ರ ಕರ್ಕೊಂಡು ಬರ್ಲಿಲ್ಲ?" ಅಂದರು.

ಅಷ್ಟು ಹೊತ್ತಿಗೆ ನೀನು ನನ್ನ ಹತ್ತಿರ ಬಂದೆ. "ಏನಂದ್ರು? ಇವ್ರು ನಮ್ಮೋರಲ್ವಾ? ಯಾವಾಗಿಂದ ಅವ್ರೆ ಇಲ್ಲಿ?" ಅಂದೆ. ಡಾಕ್ಟರು ಆಗಲೇ ಹೊರಟುಹೋಗಿದ್ದರು. "ಈಗ್ಲೇ ಬಂದವ್ರಂತೆ ಅಕ್ಕ, ಹೊಸಬ್ರು," ಅಂದೆ ನಾನು. ಮೊದಲನೇ ಸುಳ್ಳಿಗಾದರೂ ಹೆದರಿಕೆಯಿತ್ತು. ಇದು — ಇದಕ್ಕೆ ಏನೆನ್ನಲಿ?

ಮೊದಲೇ ತೋರಿಸಿದ್ದರೆ ಭಾವ ಉಳಿಯುತ್ತಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ. ಡಾಕ್ಟರನ್ನು ಕೇಳಬಹುದಿತ್ತು. ಕೇಳಲಿಲ್ಲ.

ಭಾವ ಹೋದ ಮೇಲೆ ಕಾರು ತೊಳೆಯುವಾಗ ಡ್ಯಾಶ್‌ಬೋರ್ಡಿನ ಖಾನೆಯೊಳಗೆ ಆ ಕ್ಯಾಲೆಂಡರ್ ಹಾಳೆ ಸಿಕ್ಕಿತು. ಒಂದೊಂದು ತಾರೀಖಿನ ಪಕ್ಕ ಪೆನ್ಸಿಲಿನಲ್ಲಿ, ಆ ಗುಂಡು ಅಕ್ಷರದಲ್ಲಿ, "ಕೆಂಪು" ಎಂದು ಬರೆದಿದ್ದಾರೆ. ಆರು ಕಡೆ. ಏಕಾದಶಿಯ ಚೌಕದಲ್ಲಿ "ಜಾಸ್ತಿ ಕೆಂಪು". ನನ್ನ ಬಾಯಲ್ಲಿ ಹೇಳಿಸಲಾಗದ್ದನ್ನು ಬರೆದುಕೊಂಡು ಬಂದಿದ್ದರು. ಅದನ್ನೂ ನಾನು ಜೇಬಿಗೆ ವಾಪಸು ಹಾಕಿಸಿದೆ.

ನೀನು ಈಗಲೂ ಬಂದವರೆದುರಿಗೆ, ನನ್ನ ತಮ್ಮ ರಜ ಹಾಕಿ ಕರ್ಕೊಂಡೋಗಿ ತೋರ್ಸ್ದ, ಆಗ ನಮ್ಮ ಭಾಷೆ ಡಾಕ್ಟ್ರು ಇರ್ಲಿಲ್ಲ, ನಮ್ಮ ಹಣೇಬರ, ಅನ್ನುತ್ತೀಯ. ನಾನು ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿರುತ್ತೇನೆ.

ಈ ಕಾಗದವನ್ನು ಟಪಾಲಿಗೆ ಹಾಕುವುದಿಲ್ಲ. ನಿನಗೆ ಈಗ ಅಕ್ಷರ ಕಾಣುವುದಿಲ್ಲ, ನಿನ್ನ ಮೊಮ್ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಭಾನುವಾರ ನಾನೇ ಬಂದು ಓದುತ್ತೇನೆ. ಆ ಹಾಳೆಯನ್ನೂ ತರುತ್ತೇನೆ. ಈ ಸಲ ಒಂದು ಮಾತನ್ನೂ ಬಿಡುವುದಿಲ್ಲ.

ಬಂದ ತಕ್ಷಣ ತಟ್ಟೆ ಹಾಕಬೇಡ ಅಕ್ಕ. ಮೊದಲು ಕೇಳು.