ಅಂಗುಳದ ಪ್ಲೇಟು

ಮೊದಲು ಚಹಾ ಮೂಗಿನಿಂದ ಬಂತು.

ನಮ್ಮ ಮನೆಯವರು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಮೂಗಿನಿಂದ ಇಳಿದು ಮೀಸೆಯೆಲ್ಲ ತೊಯ್ದಿತು. ನೆತ್ತಿಗೆ ಹತ್ತಿತು ಎಂದರು. ಮರುದಿನವೂ ಹಾಗೇ ಆಯಿತು. ಬಾಯಿ ತೆಗೆಸಿ ನೋಡಿದೆ. ಅಂಗುಳದಲ್ಲಿ ಹುಣ್ಣು, ಅದರ ನಡುವೆ ಜೋಳದ ಕಾಳಿನಷ್ಟು ತೂತು. ಎಂದಿನಿಂದ ಇದೆ ಎಂದು ಕೇಳಿದರೆ ಯುಗಾದಿಯಿಂದ ಎಂದರು. ಆಗ ದಸರೆ ಹತ್ತಿರ ಬಂದಿತ್ತು. ತಂಬಾಕಿಗೆ ಸುಣ್ಣ ತಿಕ್ಕಿ ಬಾಯಿಗೆ ಹಾಕುವ ಚಟ ನಲವತ್ತು ವರ್ಷದ್ದು. ಹೇಳಿದವಳ ಮಾತು ಯಾರು ಕೇಳಿದರು?

ಬಿಜಾಪುರದ ದವಾಖಾನೆಯಲ್ಲಿ ಚೂರು ಕತ್ತರಿಸಿ ಟೆಸ್ಟಿಗೆ ಕಳಿಸಿದರು.

ಕ್ಯಾನ್ಸರ್.

ಆಪರೇಷನ್ನಿನಲ್ಲಿ ಅರ್ಧ ಅಂಗುಳ ಹೋಯಿತು. ಒಂದು ಬದಿಯ ಮೇಲಿನ ಹಲ್ಲೂ ಹೋದವು. ಗಾಯ ಮಾಯ್ದರೂ ಬಾಯಿಗೂ ಮೂಗಿಗೂ ನಡುವೆ ಗೋಡೆ ಇಲ್ಲದಂತಾಯಿತು. ಗಂಜಿ ಹಾಕಿದರೆ ಮೂಗಿನಿಂದ ಬರುತ್ತಿತ್ತು. ಮಾತೆಲ್ಲ ಮೂಗಿನಲ್ಲೇ ಗುಂಯ್ ಎನ್ನುತ್ತಿತ್ತು, ನನಗೊಬ್ಬಳಿಗೆ ತಿಳಿಯುತ್ತಿತ್ತು. ಆಮೇಲೆ ಹಲ್ಲಿನ ಡಾಕ್ಟರು ಅಚ್ಚು ತೆಗೆದು ಒಂದು ಪ್ಲೇಟು ಮಾಡಿಕೊಟ್ಟರು. ಗಾಜಿನಂಥ ತಿಳಿ ಪ್ಲಾಸ್ಟಿಕ್ಕು. ಉಳಿದ ಹಲ್ಲಿಗೆ ಸಿಕ್ಕಿಸಲು ಎರಡು ತಂತಿ. ಅದನ್ನು ಅಂಗುಳಕ್ಕೆ ಕೂಡಿಸಿದ ಕೂಡಲೇ ಇವರು "ನೀರು ಕೊಡು" ಎಂದರು. ಅಷ್ಟೂ ಅಕ್ಷರ ಸರಿಯಾಗಿ ಕೇಳಿಸಿದವು. ಆ ಖುಷಿಯಲ್ಲಿ, ಪ್ಲೇಟು ಹೇಗೆ ತೊಳೆಯಬೇಕು ಎಂದು ಡಾಕ್ಟರು ಹೇಳಿದ್ದು ನಮ್ಮಿಬ್ಬರ ಕಿವಿಗೂ ಹೋಗಲಿಲ್ಲ.

ಮನೆಗೆ ಬಂದ ಮೇಲೆ ತೊಳೆಯುವ ಕೆಲಸ ನನಗೇ ಬಂತು. ಉಂಡ ಕೂಡಲೇ ಬಾಯಿಂದ ತೆಗೆದು, ಮುಖ ಆಚೆ ತಿರುಗಿಸಿ, ಪ್ಲೇಟನ್ನು ನನ್ನ ಅಂಗೈಗೆ ಹಾಕುವರು. ಉಂಡ ತಾಟು ಕೊಟ್ಟ ಹಾಗೆ. ಶೇಂಗಾ ಚಟ್ನಿ, ಸಾರಿನಲ್ಲಿ ನೆನೆಸಿದ ರೊಟ್ಟಿಯ ಚೂರು, ಎಲ್ಲ ಅದಕ್ಕೆ ಮೆತ್ತಿರುತ್ತಿತ್ತು. ಬರೀ ನೀರಿನಲ್ಲಿ ತೊಳೆದರೆ ಜಿಗುಟು ಹೋಗುತ್ತಿರಲಿಲ್ಲ. ಎಂಟೇ ದಿನಕ್ಕೆ ನಾರತೊಡಗಿತು. ತಾಮ್ರದ ಕೊಡ ತಿಕ್ಕುವ ಹಾಗೆ ಬೂದಿ ಹಾಕಿ ತಿಕ್ಕಿದೆ. ತಿಳಿ ಪ್ಲೇಟು ಮಬ್ಬಾಯಿತು, ಮೈತುಂಬ ಗೀರು ಬಿದ್ದವು. ಗೀರಿನಲ್ಲಿ ಹೊಲಸು ಕೂತು ಮೊದಲಿಗಿಂತ ಹೆಚ್ಚು ನಾರಿತು. ನನ್ನ ಸಿಟ್ಟೂ ಅಷ್ಟೇ ಏರಿತು.

ಇವರದು ದನದ ದಲ್ಲಾಳಿ ಕೆಲಸ. ದೇವರ ಹಿಪ್ಪರಗಿ ಸಂತೆಯಲ್ಲಿ ಎತ್ತಿನ ದರ ಬಾಯಿಂದ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಹಾಕಿ, ಒಬ್ಬರ ಬೆರಳು ಒಬ್ಬರು ಹಿಡಿದು ತಿಳಿಸುತ್ತಾರೆ. ಮುಖಕ್ಕೆ ಮುಖ ಹತ್ತಿರ ಬರುತ್ತದೆ. ಮತ್ತೆ ಸಂತೆಗೆ ಹೋಗುವುದೊಂದೇ ಇವರಿಗೆ ಬೇಕಾಗಿದ್ದುದು. ಅದಕ್ಕೇ ಆಪರೇಷನ್ನಿಗೂ ಒಪ್ಪಿದ್ದರು. ಹೋದರು. ಮಧ್ಯಾಹ್ನಕ್ಕೇ ತಿರುಗಿ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಜೊತೆಯಲ್ಲಿ ದಲ್ಲಾಳಿ ಮಾಡುವ ಲಾಲಸಾಬ ಸಂಜೆ ಬಂದು ಬಾಗಿಲಲ್ಲೇ ನಿಂತ.

"ವೈನಿ, ತಪ್ಪು ತಿಳೀಬ್ಯಾಡ್ರಿ. ಟವೆಲ್ ಒಳಗ ಕೈ ಕೊಟ್ಟ ಮಂದಿ ಮಾರಿ ಹೊಳ್ಳಸಾಕತ್ತಾರ."

ನನಗೆ ತಡೆಯಲಾಗಲಿಲ್ಲ. ನಮ್ಮೂರ ದವಾಖಾನೆಯಲ್ಲಿ ನರ್ಸಬಾಯಿ ಇಂಜೆಕ್ಷನ್ನಿನ ಸೂಜಿಯನ್ನು ಸ್ಟೀಲಿನ ಡಬ್ಬಿಯಲ್ಲಿ ಕುದಿಸಿ ಶುದ್ಧ ಮಾಡುವುದನ್ನು ಎಷ್ಟೋ ಸಲ ನೋಡಿದ್ದೆ. ನಾನು ಕಲಿತದ್ದು ಎರಡನೇ ಇಯತ್ತೆ, ಆದರೆ ಕಣ್ಣಿದ್ದವು. ಮರುದಿನ ಒಲೆ ಹೊತ್ತಿಸಿ, ಪಾತೇಲಿಯಲ್ಲಿ ನೀರಿಟ್ಟು, ಪ್ಲೇಟು ಹಾಕಿ ಚೆನ್ನಾಗಿ ಕುದಿಸಿದೆ.

ಸೊಟ್ಟಗಾಯಿತು.

ಬಾಯಿಗೆ ಕೂರಲೇ ಇಲ್ಲ. ಹೊಸದು ಬರುವವರೆಗೆ ಮತ್ತೆ ಗಂಜಿ, ಮತ್ತೆ ಮೂಗು. ಇವರು ಬೈದಿದ್ದರಾದರೂ ನನಗೆ ಹಗುರ ಆಗುತ್ತಿತ್ತು.

ಬಿಜಾಪುರದಲ್ಲಿ ಹಲ್ಲಿನ ಡಾಕ್ಟರು ಆ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿದರು.

"ಏನ್ರಿ ಆಯಿ, ಇದನ್ನ ಕುದಿಸೀರೇನು?"

"ಹೌದ್ರಿ. ಸೂಜಿ ಕುದಸ್ತಾರಲ್ರಿ."

ಅವರು ನಗಲಿಲ್ಲ, ಅದೊಂದು ಪುಣ್ಯ. ಪ್ಲಾಸ್ಟಿಕ್ಕಿಗೆ ಬಿಸಿನೀರು ಆಗುವುದಿಲ್ಲ ಎಂದರು. ಬೂದಿ, ಹಲ್ಲಿನ ಪುಡಿ ಯಾವುದೂ ಬೇಡ. ಉಂಡಾಗೊಮ್ಮೆ ತೆಗೆದು, ಮಕ್ಕಳ ಮೆತ್ತಗಿನ ಬ್ರಷ್ಷಿಗೆ ಮೈಸಾಬೂನು ಹಚ್ಚಿ ತಣ್ಣೀರಿನಲ್ಲಿ ತಿಕ್ಕಬೇಕು. ಕೈಜಾರಿದರೆ ಒಡೆಯದಂತೆ ಕೆಳಗೆ ನೀರು ತುಂಬಿದ ಬೋಗುಣಿ ಇರಬೇಕು. ಮಲಗುವಾಗ ತೆಗೆದು ನೀರಿನಲ್ಲಿಡಬೇಕು. ಬಾಯೊಳಗಿನ ತೂತನ್ನೂ ಉಪ್ಪುನೀರಿನಿಂದ ತೊಳೆಯಬೇಕು. ಎಲ್ಲ ನನಗೆ ಹೇಳಿ ಮುಗಿಸಿ, ಹೊಸ ಪ್ಲೇಟನ್ನು ಮಾತ್ರ ಇವರ ಕೈಗೇ ಕೊಟ್ಟರು.

ಮನೆಗೆ ಬಂದು ಉಂಡರು. ಪ್ಲೇಟು ತೆಗೆಯಲು ಬಾಯಿಗೆ ಬೆರಳು ಹಾಕಿದರು, ಇನ್ನೊಂದು ಕೈ ಆಗಲೇ ನನ್ನ ಕಡೆ ಬಂದಿತ್ತು.

"ನಾ ಮುಟ್ಟೂದಿಲ್ಲ. ನೀವ ತೊಳೀರಿ," ಎಂದೆ.

"ನನಗ ಹೇಸಿಗಿ ಬರತೈತಿ," ಎಂದರು.

"ದಿನಾ ಎತ್ತಿನ ಬಾಯಾಗ ಕೈ ಹಾಕಿ ಹಲ್ಲ ಎಣಸ್ತೀರಿ. ಅದಕ್ಕ ಹೇಸಲಿಲ್ಲ. ನಿಮ್ಮ ಬಾಯಿಗೆ ಹೇಸ್ತೀರೇನು?"

ಸಿಟ್ಟಿನಿಂದ ಎದ್ದು ಬಚ್ಚಲಿಗೆ ಹೋದರು. ಬಹಳ ಹೊತ್ತು ಬರಲಿಲ್ಲ. ತೊಳೆದು ತಂದದ್ದನ್ನು ಮೂಸಿ ವಾಪಸು ಕಳಿಸಿದೆ. ಎರಡನೇ ಸಲವೂ ಕಳಿಸಿದೆ. ಆಪರೇಷನ್ನಾದ ಮೇಲೆ ಅವರಿಗೆ ವಾಸನೆ ಸರಿಯಾಗಿ ತಿಳಿಯುವುದಿಲ್ಲ, ಹೀಗಾಗಿ ಮೂಗು ನನ್ನದೇ ಆಗಬೇಕು. ಮೂರನೇ ಸಲ ತಂದಾಗ ಸಾಬೂನಿನ ವಾಸನೆ ಇತ್ತು. ಹೂಂ ಎಂದೆ.

ಒಂದೇ ದಿನಕ್ಕೆ ಸುಧಾರಿಸಿದರು ಎಂದು ಸುಳ್ಳು ಹೇಳುವುದಿಲ್ಲ. ತೊಳೆದೆ ಎಂದು ಹುಸಿ ಹೇಳಿ ಸಿಕ್ಕಿಬಿದ್ದದ್ದಿದೆ. ಬ್ರಷ್ಷು ಹೊಲದಲ್ಲಿ ಬಿಟ್ಟು ಬಂದದ್ದಿದೆ. ನಾನು ಕೂಗಾಡಿದ್ದು ಓಣಿಗೆಲ್ಲ ಕೇಳಿಸಿದೆ. ತಂಬಾಕು ಬಿಟ್ಟಿದ್ದಾರೆ. ಮೂರು ತಿಂಗಳಿಗೊಮ್ಮೆ ಬಿಜಾಪುರಕ್ಕೆ ಹೋಗುತ್ತೇವೆ. ಸದ್ಯಕ್ಕೆ ಏನೂ ಇಲ್ಲ ಎನ್ನುತ್ತಾರೆ ಡಾಕ್ಟರು. ಸದ್ಯಕ್ಕೆ ಎಂಬ ಮಾತಿಗೆ ಎಷ್ಟು ದಿನ ಎಂದು ನಾನು ಕೇಳಿಲ್ಲ. ದೇವರು ಅಷ್ಟು ಕೊಟ್ಟದ್ದೇ ಸಾಕು.

ಹೋದ ವಾರ ಮತ್ತೆ ಸಂತೆಗೆ ಹೋಗಿದ್ದರು. ಮಧ್ಯಾಹ್ನ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಬಂದರು, ಮಾತಾಡಿ ಮಾತಾಡಿ ಗಂಟಲು ಬಿದ್ದಿತ್ತು. ಸೀದಾ ಬಚ್ಚಲಿಗೆ ಹೋದರು. ಬೋಗುಣಿಗೆ ನೀರು ಬಿಟ್ಟದ್ದು ಕೇಳಿಸಿತು. ನಾನು ರೊಟ್ಟಿ ಬಡಿಯುತ್ತಿದ್ದೆ, ಏಳಲಿಲ್ಲ. ಪ್ಲೇಟು ತಂದು ನನ್ನ ಮೂಗಿನ ಮುಂದೆ ಹಿಡಿದರು. ಮೂಸಿ ನೋಡಿದೆ.

"ಹಾಕ್ಕೊಳ್ರಿ," ಎಂದೆ. "ರೊಟ್ಟಿ ಆರಾಕತ್ತಾವ."