ಕರಿ ರುಮಾಲಿನ ಹಿಂದೆ ಕೊರ್ಲಹಳ್ಳಿಯ ಹನಮವ್ವ

ಕೊರ್ಲಹಳ್ಳಿಯ ಹೊಳೆ ದಂಡೆಯಲ್ಲಿ ಇನ್ನೂ ಮಬ್ಬುಗತ್ತಲು. ದೂರದಿಂದ ನೋಡಿದರೆ ದೊಡ್ಡದೊಂದು ಆಮೆ ಎರಡೇ ಕಾಲಿನ ಮೇಲೆ ನಡೆಯುತ್ತ ನೀರಿಗಿಳಿಯುತ್ತಿರುವಂತೆ ಕಾಣುತ್ತದೆ. ಹತ್ತಿರ ಬಂದರೆ ಅದು ಬೆನ್ನ ಮೇಲೆ ಹರಿಗೋಲು ಕವುಚಿ ಹೊತ್ತ ಹನಮವ್ವ. ಬಿದಿರಿನ ಬುಟ್ಟಿಗೆ ತಾಡಪತ್ರಿ ಹೊದಿಸಿ ಡಾಂಬರು ಬಳಿದ ಆ ಹರಿಗೋಲನ್ನು ಸದ್ದಿಲ್ಲದೆ ನೀರಿಗೆ ಮಗುಚಿ, ಒಂದು ಕಾಲನ್ನು ಒಳಗಿಟ್ಟು ಅದು ಅಲುಗದಂತೆ ಒತ್ತಿ ಹಿಡಿಯುತ್ತಾಳೆ. ಆಚೆ ದಂಡೆಯ ತೋಟಗಳಿಗೆ ಮಲ್ಲಿಗೆ ಮೊಗ್ಗು ಬಿಡಿಸಲು ಹೋಗುವ ಹೆಂಗಸರು ಸೀರೆ ಎತ್ತಿ ಕಟ್ಟಿಕೊಂಡು ಒಬ್ಬೊಬ್ಬರಾಗಿ ಹತ್ತುತ್ತಾರೆ. ಎಲ್ಲರೂ ನಡುವೆ ಒತ್ತಾಗಿ ಕೂತ ಮೇಲೆ ಹನಮವ್ವ ಅಂಚಿಗೆ ನಿಲ್ಲುತ್ತಾಳೆ. ಮಂಡಿ ತುಸು ಬಾಗಿರುತ್ತದೆ, ಭಾರವೆಲ್ಲ ಹಿಮ್ಮಡಿಯಲ್ಲಿರುತ್ತದೆ. ಹುಟ್ಟು ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ. ದುಂಡಗಿನ ಹರಿಗೋಲಿಗೆ ಹಿಂದು ಮುಂದು ಎಂಬುದಿಲ್ಲ, ಬಿಟ್ಟರೆ ಗಿರಕಿ ಹೊಡೆಯುತ್ತಲೇ ಇರುತ್ತದೆ. ಹನಮವ್ವನ ಕೈಯಲ್ಲಿ ಅದು ಗೆರೆ ಎಳೆದಂತೆ ನೇರ ಹೋಗುತ್ತದೆ.

ದಂಡೆಯ ಬಂಡೆಯ ಮೇಲೆ ಕೂತ ಒಬ್ಬಾತ ಆ ನಿಲುವನ್ನೇ ನೋಡುತ್ತ ಪೆನ್ಸಿಲ್ ಆಡಿಸುತ್ತಿದ್ದಾನೆ. ಹೆಸರು ನಂದೀಶ. ಗದಗಿನ ಪಕ್ಕದ ಮಲ್ಲಸಮುದ್ರದವನು. ಹೊಟ್ಟೆಪಾಡಿಗೆ ಅಂಗಡಿಗಳ ಬೋರ್ಡು ಬರೆಯುತ್ತಾನೆ. ಉಳಿದ ಹೊತ್ತಿನಲ್ಲಿ ಬರೆಯುವುದು ‘ಕರಿ ರುಮಾಲಿನ ಸರದಾರ’ ಎಂಬ ಚಿತ್ರಕಥೆ. ಗದಗಿಗೆ ಅಂಟಿಕೊಂಡ ಬೆಟಗೇರಿಯ ಒಂದು ಪ್ರೆಸ್ಸಿನಲ್ಲಿ ಅಚ್ಚಾಗುವ ಈ ತೆಳ್ಳನೆಯ ಪುಸ್ತಕ ಪ್ರತಿ ತಿಂಗಳೂ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಬಸ್ ನಿಲ್ದಾಣಗಳಲ್ಲಿ ತೂಗಾಡುತ್ತದೆ. ಕಥೆ ಉಗಿಬಂಡಿಯ ಕಾಲದ್ದು. ಕಪ್ಪತಗುಡ್ಡದ ಹಳೆಯ ಚಿನ್ನದ ಗುಂಡಿಗಳ ಮೇಲೆ ದುರ್ಬೀನಪ್ಪ ಎಂಬ ಖದೀಮನ ಕಣ್ಣು. ಅವನನ್ನು ತಡೆಯುವವನು ಕರಿ ರುಮಾಲಿನಲ್ಲಿ ಮುಖ ಮುಚ್ಚಿಕೊಂಡ ಸರದಾರ. ಪ್ರತಿ ಸಂಚಿಕೆಯ ಕೊನೆಗೆ ಅವನು ಪ್ರಪಾತದ ಅಂಚಿನಲ್ಲೋ, ಓಡುವ ರೈಲಿನ ಮುಂದೋ ಸಿಕ್ಕಿಬಿದ್ದಿರುತ್ತಾನೆ. ಮುಂದೇನು ಎಂದು ತಿಳಿಯಲು ಒಂದು ತಿಂಗಳು ಕಾಯಬೇಕು.

ಆ ಸರದಾರನ ಕಾಲು, ತೋಳು, ಬೆನ್ನು ಎಲ್ಲವೂ ಹನಮವ್ವನವು. ಓದುವ ಮಂದಿಗೆ ಇದು ಬಹುಕಾಲ ಗೊತ್ತಿರಲಿಲ್ಲ.

ಐವತ್ತರ ಆಸುಪಾಸಿನ ಹನಮವ್ವನ ತವರೂ ಹೊಳೆಯಂಚಿನದೇ. ಅಪ್ಪನ ಹರಿಗೋಲಿನಲ್ಲಿ ಕೂತು ಹುಟ್ಟು ಹಿಡಿಯುವುದನ್ನು ಕಲಿತವಳು. ಮದುವೆಯಾಗಿ ಕೊರ್ಲಹಳ್ಳಿಗೆ ಬಂದ ಮೇಲೆ ಗಂಡ ಹುಚ್ಚಪ್ಪ ದೋಣಿ ನಡೆಸುತ್ತಿದ್ದ, ಈಕೆ ಮೀನು ಮಾರುತ್ತಿದ್ದಳು. ಒಂದು ಮಳೆಗಾಲ ಬಲೆ ಉಳಿಸಿಕೊಳ್ಳಲು ಹೋಗಿ ಹುಚ್ಚಪ್ಪನ ರಟ್ಟೆಯ ಕೀಲು ತಪ್ಪಿತು. ಅದು ಮತ್ತೆ ನೆಟ್ಟಗೆ ಕೂರಲಿಲ್ಲ. ಅಂದಿನಿಂದ ಆತ ಕಟ್ಟೆಯ ಮೇಲೆ ಕೂತು ಬಲೆ ಹೆಣೆಯುತ್ತಾನೆ, ಹುಟ್ಟು ಈಕೆಯ ಕೈಗೆ ಬಂದಿದೆ. ಸೇತುವೆ ಆದ ಮೇಲೆ ಹರಿಗೋಲು ಹತ್ತುವವರು ಕಡಿಮೆ. ಆದರೆ ಎದುರು ದಂಡೆಯಲ್ಲೇ ಹೊಲ, ತೋಟ ಇರುವವರಿಗೆ ಸೇತುವೆ ಸುತ್ತಿ ಹೋಗುವುದು ದೂರ. ಮೊಗ್ಗು ಬಿಡಿಸುವವರು, ಮೇವು ತರುವವರು ಈಗಲೂ ಹನಮವ್ವನನ್ನೇ ಕೂಗುತ್ತಾರೆ. ಚಳಿಗಾಲದಲ್ಲಿ ಅವಳ ಅಂಗೈ ಒಡೆಯುತ್ತದೆ. ರಾತ್ರಿ ಹರಳೆಣ್ಣೆ ಸವರಿಕೊಂಡು ಮಲಗಿ, ಬೆಳಗ್ಗೆ ಅರಿವೆ ಸುತ್ತಿಕೊಂಡು ಮತ್ತೆ ಹುಟ್ಟು ಹಿಡಿಯುತ್ತಾಳೆ.

ನಂದೀಶ ಇಲ್ಲಿಗೆ ಬಂದದ್ದು ಸೋತು. ಅವನ ತಂದೆ ಗದಗಿನ ಚಿತ್ರಮಂದಿರಕ್ಕೆ ಪೋಸ್ಟರು ಬರೆಯುತ್ತಿದ್ದವರು. ಮನೆಯ ಟ್ರಂಕಿನಲ್ಲಿ ಹಳೆಯ ಸಾಹಸ ಧಾರಾವಾಹಿಗಳ ಕಪ್ಪುಬಿಳುಪು ಫೋಟೊಗಳ ಕಟ್ಟೊಂದಿತ್ತು. ಹಗ್ಗ ಹಿಡಿದು ರೈಲಿಗೆ ಜಿಗಿಯುವವರು, ಕುದುರೆಯ ಮೇಲೆ ನಿಂತು ಬರುವವರು ಅದರಲ್ಲಿದ್ದರು. ಅವನ್ನು ನೋಡುತ್ತ ಬೆಳೆದ ನಂದೀಶನ ಸರದಾರನೂ ಅವರಂತೆಯೇ ಎದೆ ಉಬ್ಬಿಸಿ, ಸೊಂಟಕ್ಕೆ ಕೈಯಿಟ್ಟು ನಿಂತ. ಮೊದಲ ಸಂಚಿಕೆಗಳು ಕಟ್ಟು ಬಿಚ್ಚದೆಯೇ ವಾಪಸು ಬಂದವು. ಪ್ರೆಸ್ಸಿನ ಮಾಲೀಕ ದೇವೇಂದ್ರಪ್ಪ ಪುಸ್ತಕ ತಿರುವಿ ಹಾಕಿ, ನಿನ್ನ ಸರದಾರ ಬಟ್ಟೆ ಅಂಗಡಿಯ ಮುಂದಿನ ಗೊಂಬೆಯ ಹಾಗೆ ನಿಂತಿದ್ದಾನಲ್ಲೋ ಎಂದರು. ಇನ್ನೊಂದು ಸಂಚಿಕೆ ನೋಡಿ ನಿಲ್ಲಿಸುವುದೆಂದು ತೀರ್ಮಾನವಾಯಿತು.

ಆ ಕೊನೆಯ ಸಂಚಿಕೆಯಲ್ಲಿ ಸರದಾರ ಹೊಳೆ ದಾಟಬೇಕಿತ್ತು. ಹೊಳೆ ನೋಡಿಕೊಂಡು ಬರಲು ನಂದೀಶ ಆಷಾಢದ ಒಂದು ಮಧ್ಯಾಹ್ನ ಕೊರ್ಲಹಳ್ಳಿಯ ಸೇತುವೆಯ ಮೇಲೆ ನಿಂತಿದ್ದ. ಕೆಳಗೆ ಒಬ್ಬ ರೈತ ಮೇವಿನ ಹೊರೆ, ಒಂದು ಕರು ಹೇರಿಕೊಂಡು ಹರಿಗೋಲಿನಲ್ಲಿ ಬರುತ್ತಿದ್ದ. ಗಾಳಿಯ ಒಂದು ಹೊಡೆತಕ್ಕೆ ಅವನ ಹುಟ್ಟು ಕೈಜಾರಿ ಹೋಯಿತು. ಹರಿಗೋಲು ಗಿರಗಿರ ತಿರುಗುತ್ತ ಸೇತುವೆಯ ಕಂಬದತ್ತ ಹೊರಟಿತು. ಖಾಲಿ ಹರಿಗೋಲಿನಲ್ಲಿ ಮರಳುತ್ತಿದ್ದ ಹನಮವ್ವ ಅದರ ಪಕ್ಕಕ್ಕೆ ಬಂದಳು. ಎರಡೂ ಒಂದಕ್ಕೊಂದು ತಾಕಿದ ಕ್ಷಣದಲ್ಲಿ, ಹುಟ್ಟಿನ ಸಮೇತ ಆ ಹರಿಗೋಲಿಗೆ ಜಿಗಿದಳು. ಕರುವಿನ ಆ ಕಡೆ ಒಂದು ಕಾಲು, ಈ ಕಡೆ ಒಂದು ಕಾಲು ಊರಿ ನಿಂತು, ಕಂಬ ಇನ್ನೇನು ಬಡಿಯಬೇಕು ಎನ್ನುವಾಗ ನೀರನ್ನು ಬಗೆದು ಪಕ್ಕಕ್ಕೆ ತಂದಳು. ಅವಳದೇ ಹರಿಗೋಲು ತೇಲಿಹೋಗಿ ಎಲ್ಲೋ ಜೊಂಡಿನಲ್ಲಿ ಸಿಕ್ಕಿಕೊಂಡಿತ್ತು.

ನಂದೀಶ ಸೇತುವೆಯಿಂದ ಓಡೋಡಿ ಬಂದು, ಇನ್ನೊಮ್ಮೆ ಹಾಗೆಯೇ ಜಿಗಿದು ತೋರಿಸುತ್ತೀರಾ ಎಂದು ಕೇಳಿದ.

“ಅದಕ್ಕ ಕರು ಇನ್ನೊಮ್ಮಿ ತೇಲಿ ಹೋಗಬೇಕೇನು?” ಎಂದು ಹನಮವ್ವ ಕೇಳಿದಳು.

ಆಮೇಲೆ ಮನೆಯಲ್ಲಿ ಚಹಾ ಆಯಿತು. ಹನಮವ್ವನನ್ನೇ ನೋಡಿ ಸರದಾರನನ್ನು ಬರೆಯುತ್ತೇನೆ ಎಂದು ನಂದೀಶ ಕೇಳಿಕೊಂಡ. ಹುಚ್ಚಪ್ಪನಿಗೆ ಅನುಮಾನ. ಚಿತ್ರ ಯಾರು ನೋಡುತ್ತಾರೆ, ಎಲ್ಲೆಲ್ಲಿ ಹೋಗುತ್ತದೆ, ನಮ್ಮ ಮನೆಯ ಹೆಂಗಸು ಹಾಳೆಯ ಮೇಲೆ ಯಾಕೆ ಕುಣಿಯಬೇಕು ಎಂದು ಒಂದೇ ಸಮನೆ ಕೇಳಿದ. ಒಳಗೆ ಒಲೆಯ ಮುಂದೆ ಕೂತು ಎಲ್ಲ ಕೇಳಿಸಿಕೊಂಡ ಹನಮವ್ವ ಹೊರಗೆ ಬಂದು, “ಮಾರಿ ಒಂದ ಬಿಟ್ಟು ಏನರ ಬರಕೋ ತಮ್ಮಾ” ಎಂದಳು. ಹುಚ್ಚಪ್ಪ ಒಪ್ಪಿದ. ಸರದಾರನ ಮುಖಕ್ಕೆ ಹೇಗೂ ರುಮಾಲಿತ್ತು.

ಯಾಕೆ ಒಪ್ಪಿಕೊಂಡಿರಿ ಎಂದರೆ ಹನಮವ್ವ ಹೇಳುವುದು ಇದು: “ನಾ ಕೆಲಸ ಮಾಡೋ ಮುಂದ ಹೆಂಗ ಕಾಣ್ತೀನಿ ಅಂತ ನನಗ ಗೊತ್ತಿದ್ದಿಲ್ರಿ. ಹೊಳ್ಯಾಗ ಬಗ್ಗಿ ನೋಡಿದ್ರ ಬರೇ ಮಾರಿ ಕಾಣ್ತೈತಿ. ದುಡಿಯೋ ಮೈ ಕಾಣಂಗಿಲ್ಲ. ನೋಡೂಣು ಅನಿಸ್ತು.”

ಅಂದಿನಿಂದ ಬೆಳಗಿನ ಕೆಲಸ ಮುಗಿದ ಮೇಲೆ ಹುಣಸೆಮರದ ಕೆಳಗೆ ಎರಡನೆಯ ಕೆಲಸ. ಕಚ್ಚೆ ಹಾಕಿದ ಸೀರೆಯಲ್ಲೇ ಹನಮವ್ವ ಕೊಂಬೆಗೆ ಜೋತುಬೀಳುತ್ತಾಳೆ, ಬಂಡೆಯಿಂದ ಬಂಡೆಗೆ ಹಾರುತ್ತಾಳೆ, ಹುಟ್ಟನ್ನು ಕತ್ತಿಯಂತೆ ಬೀಸುತ್ತಾಳೆ. ನಂದೀಶ ನಿಲ್ಲಿ ಎಂದರೆ ಅಲುಗದೆ ನಿಲ್ಲುತ್ತಾಳೆ. ನಿಂತಲ್ಲೇ ಕಥೆಯ ಬಗ್ಗೆ ಕೇಳುತ್ತಾಳೆ. ಈ ಸರದಾರ ಯಾವ ಊರವನು? ಯಾವಾಗಲೂ ಒಬ್ಬನೇ ಯಾಕೆ ಬರುತ್ತಾನೆ? ಪೊಲೀಸರಿಗೆ ಯಾಕೆ ಹೇಳುವುದಿಲ್ಲ? ಹೇಳಿಬಿಟ್ಟರೆ ಕಥೆ ಅಲ್ಲಿಗೇ ಮುಗಿದುಹೋಗುತ್ತದೆ ಎಂದು ನಂದೀಶ ಹೇಳಿದಾಗ ಕೊಂಬೆಯಲ್ಲಿ ಜೋತಾಡುತ್ತಲೇ ನಕ್ಕಿದ್ದಳು.

ಸರದಾರ ಬದಲಾದ. ಎದೆ ಉಬ್ಬಿಸುವುದನ್ನು ಬಿಟ್ಟ. ಮಂಡಿ ಬಾಗಿಸಿ, ಕಾಲಿನ ಕೆಳಗಿನ ನೆಲವನ್ನು ನಂಬದವನಂತೆ ನಿಂತ. ಜಿಗಿಯುವಾಗ ಓದುವವರ ಕಡೆ ನೋಡದೆ ತಾನು ಇಳಿಯಬೇಕಾದ ಜಾಗ ನೋಡಿದ. ಸಂಚಿಕೆಗಳು ವಾಪಸು ಬರುವುದು ನಿಂತಿತು. ಲಕ್ಷ್ಮೇಶ್ವರದ ಕಡೆಯ ಯಾರೋ ಪೈಲವಾನನನ್ನು ನಿಲ್ಲಿಸಿಕೊಂಡು ನಂದೀಶ ಚಿತ್ರ ಬರೆಯುತ್ತಿದ್ದಾನೆ ಎಂದು ದೇವೇಂದ್ರಪ್ಪ ತಾವೇ ಊಹಿಸಿಕೊಂಡರು. ನಂದೀಶ ಹೌದೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.

ಗುಟ್ಟು ಮೊದಲು ಒಡೆದದ್ದು ಹರಿಗೋಲಿನಲ್ಲಿಯೇ. ಮೊಗ್ಗು ಬಿಡಿಸುವವರಲ್ಲಿ ಲಾಲಬಿ ಓದು ಬಲ್ಲವಳು. ಮುಂಡರಗಿಯಿಂದ ಪುಸ್ತಕ ತಂದು, ಬೆಳಕು ಹರಿದಿದ್ದರೆ ಹೋಗುವಾಗ, ಇಲ್ಲವಾದರೆ ಬರುವಾಗ ಗಟ್ಟಿಯಾಗಿ ಓದುತ್ತಾಳೆ. ಹೆಂಗಸರೆಲ್ಲ ಸರದಾರನ ಮದುವೆಯ ಬಗ್ಗೆ ತಲೆಗೊಂದು ಮಾತಾಡುತ್ತಾರೆ. ಹನಮವ್ವನೂ ಕಿವಿಗೊಟ್ಟು ಹುಟ್ಟು ಹಾಕುತ್ತಾಳೆ. ಒಂದು ದಿನ ಓದುತ್ತಿದ್ದ ಲಾಲಬಿ ತಟಕ್ಕನೆ ನಿಲ್ಲಿಸಿದಳು. ಹಾಳೆ ನೋಡಿದಳು, ತಲೆಯೆತ್ತಿ ಅಂಚಿನಲ್ಲಿ ನಿಂತ ಹನಮವ್ವನ ಕಾಲು ನೋಡಿದಳು, ಮತ್ತೆ ಹಾಳೆ ನೋಡಿದಳು.

“ಹನಮಕ್ಕಾ, ಇವನ ಮೀನಖಂಡ ನಿನ್ನಂಗ ಐತೆಲ್ಲ?”

ಹನಮವ್ವನ ಕೈಯಲ್ಲಿ ಎಂದೂ ತಪ್ಪದ ಹರಿಗೋಲು ಆ ದಿನ ಒಂದು ಸುತ್ತು ಗಿರಕಿ ಹೊಡೆಯಿತು. ದಂಡೆ ಮುಟ್ಟುವಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು. ಯಾರಿಗೂ ಹೇಳುವುದಿಲ್ಲ ಎಂದು ಹೆಂಗಸರು ಮಾತು ಕೊಟ್ಟರು, ಆ ಮಾತು ಉಳಿಸಿಕೊಂಡರು ಕೂಡ.

ತೊಂದರೆ ಬಂದದ್ದು ಬೆಟಗೇರಿಯಿಂದ. ಓದುಗರು ಸರದಾರನ ಮುಖ ಕೇಳುತ್ತಿದ್ದಾರೆ, ಇನ್ನೆಷ್ಟು ದಿನ ಮುಚ್ಚಿಡುವುದು ಎಂದು ದೇವೇಂದ್ರಪ್ಪ ಪಟ್ಟು ಹಿಡಿದರು. ನಂದೀಶ ಒಪ್ಪಿ, ಸೆರೆಸಿಕ್ಕ ಸರದಾರನ ರುಮಾಲಿನ ಗಂಟಿಗೆ ದುರ್ಬೀನಪ್ಪ ಕೈ ಹಾಕುವಲ್ಲಿಗೆ ಸಂಚಿಕೆ ನಿಲ್ಲಿಸಿದ. ಅವನ ಮನಸ್ಸಿನಲ್ಲಿದ್ದದ್ದು ಹನಮವ್ವನ ಮುಖವೇ. ಅನುಮತಿ ಕೇಳಲು ಕೊರ್ಲಹಳ್ಳಿಗೆ ಬಂದ. ನಾಳೆ ಹೇಳುತ್ತೇನೆ ಎಂದು ಹನಮವ್ವ ಅವನನ್ನು ಕಳಿಸಿದಳು. ಮುಖ ಒಂದು ಬಿಟ್ಟು ಎಂದು ಗಂಡನ ಎದುರು ಆಡಿದ ಮಾತಿತ್ತು. ಅದಕ್ಕಿಂತ ಹೆಚ್ಚಾಗಿ, ಹುಚ್ಚಪ್ಪನ ಹೆಂಡತಿ, ದೋಣಿಯವಳು ಎಂದು ಯಾರೂ ಕರೆಯದ ಒಂದು ಮೈ ತನ್ನದೇ ಕಾಲಿನಲ್ಲಿ ಊರೂರು ಓಡಾಡುತ್ತಿದೆ ಎಂಬ ಸುಖವಿತ್ತು. ಮುಖ ಬಂದರೆ ಅದು ಹೋಗುತ್ತದೆ. ಮರುದಿನ ನಂದೀಶನಿಗೆ ಹೇಳಿದ್ದು ಇಷ್ಟು: “ನನ್ನ ಮಾರಿ ಬ್ಯಾಡ. ಆದ್ರ ಬ್ಯಾರೇದವ್ರ ಮಾರೀನೂ ನನ್ನ ಮೈಮ್ಯಾಲ ಕುಂದರಸಬ್ಯಾಡ.”

ದೇವೇಂದ್ರಪ್ಪ ಕಾಯಲಿಲ್ಲ. ಬೇರೆ ಯಾರಿಂದಲೋ ಕಂಪ್ಯೂಟರಿನಲ್ಲಿ ಹುರಿಮೀಸೆಯ ಒಂದು ಮುಖ ಮಾಡಿಸಿ ಮುಖಪುಟವನ್ನು ಮಷಿನ್ನಿಗೆ ಹಾಕಿದರು. ನಂದೀಶನಿಂದ ಸುದ್ದಿ ಕೇಳಿದ ಹನಮವ್ವ ಬೆಳಗಿನ ಕೆಲಸ ಮುಗಿಸಿ, ಹರಿಗೋಲು ಕವುಚಿಟ್ಟು, ಲಾಲಬಿಯನ್ನು ಜೊತೆಮಾಡಿಕೊಂಡು ಗದಗಿನ ಬಸ್ಸು ಹತ್ತಿದಳು.

ಪ್ರೆಸ್ಸಿನಲ್ಲಿ ಮಷಿನ್ನು ಓಡುತ್ತಿತ್ತು. ಹನಮವ್ವ ಇನ್ನೂ ಹಸಿಯಿದ್ದ ಒಂದು ಹಾಳೆಯನ್ನು ಅಂಚು ಹಿಡಿದು ಎತ್ತಿ ನೋಡಿದಳು. ತೋಳು ತನ್ನದು. ಹುಟ್ಟಿನ ಮೇಲೆ ಬೆರಳು ಹಿಡಿದ ರೀತಿಯೂ ತನ್ನದೇ. ಮೇಲೆ ಯಾರೋ ಗುರುತಿಲ್ಲದ ಗಂಡಸು ನಗುತ್ತಿದ್ದಾನೆ. ಮೊದಲೇ ಅಲ್ಲಿಗೆ ಬಂದಿದ್ದ ನಂದೀಶ ಇವರೇ ಸರದಾರ ಎಂದು ಪರಿಚಯಿಸಿದಾಗ ದೇವೇಂದ್ರಪ್ಪ ಮಷಿನ್ನು ನಿಲ್ಲಿಸಲು ಹೇಳಿ, ಹಾಳೆಯನ್ನೊಮ್ಮೆ, ಅವಳ ತೋಳನ್ನೊಮ್ಮೆ ನೋಡಿದರು. ಕುರ್ಚಿ ಕೊಟ್ಟು ಚಹಾ ತರಿಸಿದರು. ಆದರೆ ತಮ್ಮ ಮಾತು ಬಿಡಲಿಲ್ಲ. ಮುಖ ತೋರಿಸುತ್ತೇವೆಂದು ಹೇಳಿ ಜನರನ್ನು ಒಂದು ತಿಂಗಳು ಕಾಯಿಸಿದ್ದೇವೆ, ರುಮಾಲು ಬಿಚ್ಚದಿದ್ದರೆ ಮೋಸ ಮಾಡಿದಂತೆ ಎಂದರು.

ಆ ಮಾತು ಹನಮವ್ವನಿಗೂ ಖರೆ ಅನಿಸಿತು. ಹರಿಗೋಲಿನಲ್ಲಿ ಕಥೆ ಕೇಳಿ ಮುಂದಿನ ಸಂಚಿಕೆಗೆ ಕಾದವರಲ್ಲಿ ತಾನೂ ಒಬ್ಬಳು. ಬಸಿಯಲ್ಲಿ ಚಹಾ ಆರಿಸಿಕೊಂಡು ಕುಡಿದು, ಬಸಿ ಕೆಳಗಿಟ್ಟಳು.

“ಬಿಚ್ಚಲಿ ಬಿಡ್ರಿ ಸಾವಕಾರ್ರ. ಗಾಳಿ ಜೋರಿದ್ದ ದಿನ ನಾ ತಲಿಗೆ ಎರಡು ಅರಿವಿ ಕಟಗೊಂತೀನಿ. ಮ್ಯಾಲಿಂದು ಹಾರಿ ಹೋದ್ರ ಒಳಗಿಂದು ಇರ್ತೈತಿ.”

ಮೊದಲು ನಕ್ಕವಳು ಲಾಲಬಿ. ನಂದೀಶನಿಗೆ ಟ್ರಂಕಿನ ಆ ಹಳೆಯ ಧಾರಾವಾಹಿಗಳು ನೆನಪಾದವು. ಅವುಗಳಲ್ಲಿ ಒಂದು ಭಾಗದ ಕೊನೆಗೆ ಬಂಡೆಯಿಂದ ಬಿದ್ದವನು, ಮುಂದಿನ ಭಾಗದಲ್ಲಿ ನೋಡಿದರೆ ಬಿದ್ದೇ ಇರುತ್ತಿರಲಿಲ್ಲ. ದೇವೇಂದ್ರಪ್ಪ ಮಾತ್ರ ತಲೆ ಕೆರೆದುಕೊಂಡರು.

“ಓದೋ ಮಂದಿ ನನಗ ಬೈತಾರವ್ವಾ.”

“ಬೈಕೋತನ ಮುಂದಿಂದು ತಗೋತಾರ್ರಿ” ಎಂದಳು ಹನಮವ್ವ.

ಹಾಗೆಯೇ ಆಯಿತು. ದುರ್ಬೀನಪ್ಪ ಕರಿ ರುಮಾಲು ಕಿತ್ತೆಸೆದ. ಒಳಗೆ ಕೆಂಪು ರುಮಾಲು. ಅವನು ಬೆಪ್ಪಾಗಿ ನಿಂತಿರುವಾಗಲೇ ಸರದಾರ ಕಿಟಕಿಯಿಂದ ಹಾರಿ ಹೋದ. ಪ್ರೆಸ್ಸಿಗೆ ಫೋನು ಮಾಡಿ ಬೈದವರು ಬಹಳ. ಬೈದವರೇ ಮುಂದಿನ ಸಂಚಿಕೆ ಯಾವಾಗ ಎಂದೂ ಕೇಳಿದರು. ಹುರಿಮೀಸೆಯ ಮುಖಪುಟಗಳು ಬಸ್ ನಿಲ್ದಾಣದ ಮಿರ್ಚಿ ಬಂಡಿಗಳಿಗೆ ಪೊಟ್ಟಣ ಕಟ್ಟಲು ಹೋದವು.

ಇಷ್ಟೆಲ್ಲ ಕಾಪಾಡಿದ ಗುಟ್ಟನ್ನು ಕೊನೆಗೆ ಒಡೆದವನು ಹುಚ್ಚಪ್ಪ. ಮುಂಡರಗಿಯ ಸಂತೆಯ ದಿನ ಚಹಾದಂಗಡಿಯಲ್ಲಿ ಯಾರೋ ಸರದಾರನನ್ನು ಹೊಗಳುತ್ತಿದ್ದರು. ಕೇಳುತ್ತ ಕೂತ ಹುಚ್ಚಪ್ಪನಿಗೆ ತಡೆದುಕೊಳ್ಳಲು ಆಗಲಿಲ್ಲ. ಪುಸ್ತಕವನ್ನು ಅವರ ಕೈಯಿಂದ ತೆಗೆದುಕೊಂಡು ಚಿತ್ರದ ಮೇಲೆ ಬೆರಳಿಟ್ಟು, “ಈ ಕಾಲು ನಮ್ಮ ಮನ್ಯಾಕಿವು” ಎಂದುಬಿಟ್ಟ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಮನೆಗೆ ಬಂದ ಗಂಡನನ್ನು ಹನಮವ್ವ ಬೈಯಲಿಲ್ಲ. ಮುಖ ತೊಳೆದುಕೊಂಡು ಬಂದು ಅವನ ಎದುರು ಕೂತು, ಕೇಳಿದವರು ಏನಂದರು ಎಂದು ಒಂದೊಂದಾಗಿ ಹೇಳಿಸಿಕೊಂಡಳು.

ಹಾಗಾಗಿ ಈಗ ಇಲ್ಲಿ ಹೆಸರು ಬರೆಯಲು ಅವಳ ಅಡ್ಡಿಯಿಲ್ಲ. ಫೋಟೊ ಮಾತ್ರ ಇವತ್ತಿಗೂ ಬೇಡ.

ಮುಂದಿನ ಸಂಚಿಕೆಗೆ ಅವಳದೊಂದು ಆಸೆಯಿದೆ. ನಂದೀಶನಿಗೆ ಹೇಳಿದ್ದಾಳೆ, ಅವನು ಇನ್ನೂ ಯೋಚಿಸುತ್ತಿದ್ದಾನೆ. ಕಥೆಯಲ್ಲಿ ಅದಕ್ಕೆ ಜಾಗ ಎಲ್ಲಿ ಮಾಡುವುದು ಎಂಬುದು ಅವನ ಚಿಂತೆ. ಹನಮವ್ವನಿಗೆ ಅದು ದೊಡ್ಡ ಮಾತಲ್ಲ.

“ಇಷ್ಟು ದಿನ ಆತು, ಓಡ್ಯಾನ, ಹಾರ್ಯಾನ, ಬಡದಾಡ್ಯಾನ. ಒಂದ ಸಲಾನೂ ಕುಂತು ಉಂಡಿಲ್ರಿ ಅವ. ಒಂದ ಹಾಳ್ಯಾಗ ಗಿಡದ ನೆಳ್ಳಿಗೆ ಕುಂದರಿಸಿ, ರೊಟ್ಟಿ ಪಲ್ಯ ಕೊಡು ಅಂದೀನಿ. ಅವಸರ ಬ್ಯಾಡ, ಹೊಟ್ಟಿ ತುಂಬೂತನಕ ಉಣ್ಣಲಿ. ಅದೊಂದು ಚಿತ್ರಕ್ಕ ನಾ ಭಾಳ ಛಲೋ ಕುಂದರತೀನಿ.”