ಬಸಪ್ಪ ಓದದ ಬೋರ್ಡು

ಗಂಗವ್ವ, ನಿನ್ನ ಗಂಡನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಬರುತ್ತಿತ್ತು ಎಂದು ಎಲ್ಲರನ್ನೂ ನಂಬಿಸಿದವನು ನಾನು — ಅವನ ಮಾಸ್ತರ. ಇಷ್ಟು ವರ್ಷ ಬಾಯಿ ಹೊಲಿದುಕೊಂಡು ಕುಳಿತಿದ್ದೆ.

ಎಪ್ಪತ್ತನೇ ಇಸವಿಯ ಆಸುಪಾಸಿನಲ್ಲಿ ವಡಾಲದ ನಮ್ಮ ಚಾಳಿನಲ್ಲಿ ನಾನು ನಡೆಸುತ್ತಿದ್ದ ರಾತ್ರಿ ಶಾಲೆ ನಿನಗೆ ನೆನಪಿರಬೇಕು. ಹಗಲೆಲ್ಲ ಬಿಲ್ಡಿಂಗ್ ಕೆಲಸದಲ್ಲಿ ಸಿಮೆಂಟು ಹೊತ್ತ ಬಸಪ್ಪ, ಸಂಜೆ ಕೈಕಾಲು ತೊಳೆದು ಮುಂದಿನ ಸಾಲಿನಲ್ಲೇ ಬಂದು ಕೂರುತ್ತಿದ್ದ. ಉಚ್ಚಾರ ಒಂದೇ, ಅಕ್ಷರ ಬೇರೆ — ಅಂಥ ಇಂಗ್ಲಿಷ್ ಪದಗಳೆಂದರೆ ಅವನಿಗೆ ಪ್ರಾಣ. ಬೋರ್ಡಿನ ಮೇಲೆ ಎರಡು 'ಸನ್' ಬರೆದು ಕೋಲು ತೋರಿಸಿದರೆ ಸಾಕು.

"ಮೊದಲನೇದು ಮುಗಿಲಾಗ ಐತ್ರಿ ಮಾಸ್ತರ, ಎರಡನೇದು ನಮ್ಮ ಮನ್ಯಾಗ ಅದಾನ್ರಿ."

ಶಾಲೆ ನೋಡಲು ಬಂದವರ ಮುಂದೆ ಅವನನ್ನೇ ಎಬ್ಬಿಸುತ್ತಿದ್ದೆ. ಅವರು ಹೊಗಳಿದರೆ ನಾನು ಬೀಗುತ್ತಿದ್ದೆ.

ಒಂದು ಸಂಜೆ ಮರೆತು ಆ ಎರಡನ್ನೂ ಹಿಂದುಮುಂದಾಗಿ ಬರೆದೆ. ಅವನು ಅದೇ ಉತ್ತರ ಕೊಟ್ಟ. ಅವನು ಅಕ್ಷರ ನೋಡುತ್ತಿರಲಿಲ್ಲ, ಜಾಗ ನೋಡುತ್ತಿದ್ದ — ಅಷ್ಟೂ ಬಾಯಿಪಾಠ. ಬೇರೆಯವರು ಗಮನಿಸುವ ಮೊದಲೇ ಬೋರ್ಡು ಒರೆಸಿಬಿಟ್ಟೆ.

ಮುಂದೆ ಘಾಟ್ಕೋಪರಿನ ಬಣ್ಣದ ಕಾರ್ಖಾನೆಯೊಂದರ ಸೂಪರ್‌ವೈಸರ್ ಬಂದ. ಇಂಗ್ಲಿಷ್ ಓದಬಲ್ಲ ಆಳು ಬೇಕೆಂದ. ಬಸಪ್ಪನ ಹೆಸರು ಹೇಳಿದೆ. ಆ ಸೂಪರ್‌ವೈಸರ್ ಹೋದ ಮೇಲೂ ಅವನ ಅಂಗಿಯ ಬಣ್ಣದ ಘಾಟು ಕೋಣೆಯಲ್ಲೇ ಉಳಿದಿತ್ತು.

ಬಸಪ್ಪ ನನ್ನನ್ನು ಮೂಲೆಗೆ ಕರೆದ. "ನನಗ ಅಕ್ಷರ ಹತ್ತಂಗಿಲ್ರಿ. ನೀವು ಅಂದದ್ದ ಅಂತೀನಿ. ಬ್ಯಾಡ್ರಿ ಮಾಸ್ತರ."

"ಯಾರು ಕೇಳ್ತಾರೋ? ಸುಮ್ನೆ ಹೋಗು," ಎಂದೆ. ನನ್ನ ಶಾಲೆಯವನಿಗೆ ಕಾರ್ಖಾನೆಯ ಕೆಲಸ ಸಿಕ್ಕಿತು ಅನ್ನಿಸಿಕೊಳ್ಳುವ ಚಪಲ.

ಯಾರೂ ಕೇಳಲಿಲ್ಲ. ಕಾರ್ಖಾನೆಯ ಬಣ್ಣದ ಟ್ಯಾಂಕಿನ ಬಾಯಿಗೆ ಬೋರ್ಡು ತಗುಲಿಹಾಕಿದ್ದರಂತೆ — ಒಳಗೆ ವಿಷಗಾಳಿ, ಇಳಿಯಬೇಡಿ — ಇಂಗ್ಲಿಷಿನಲ್ಲಿ. ಬಸಪ್ಪ ಅದನ್ನು ಪಕ್ಕಕ್ಕೆ ಸರಿಸಿ, ತೊಳೆಯಲು ಇಳಿದ.

ಅವನ ಸಾವಿನ ವಿಚಾರಣೆಯಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ — ಅವನಿಗೆ ಇಂಗ್ಲಿಷ್ ಓದಲು ಬರುತ್ತಿತ್ತೇ? "ಚೆನ್ನಾಗಿ ಓದುತ್ತಿದ್ದ," ಎಂದೆ. ನಿಜ ಹೇಳಿದ್ದರೆ ಶಾಲೆಯ ಮರ್ಯಾದೆ — ಅಲ್ಲ, ನನ್ನ ಮರ್ಯಾದೆ. ತಪ್ಪೆಲ್ಲ ಸತ್ತವನ ತಲೆಗೆ ಕಟ್ಟಿದರು.

ಆಮೇಲೆ ನೀನು ನಲ್ಲಿಯ ಹತ್ತಿರ ಕೊಡ ಇಳಿಸಿ ಕೇಳಿದೆ. "ಅವತ್ತ ಮುಂಜಾನೆ ನಾ ಜಗಳಾ ತಗದಿದ್ನಿರಿ. ಓದಿನೂ ಇಳದಾರಂದ್ರ... ನನ್ನ ಮ್ಯಾಲಿನ ಸಿಟ್ಟಿಗೆ ಇಳದ್ರೇನ್ರಿ?"

ಉತ್ತರ ನನ್ನ ಬಾಯಲ್ಲೇ ಇತ್ತು. ದೇವರಿಗೇ ಗೊತ್ತು ಎಂದು ಹೇಳಿ, ಲೋಕಲ್ ರೈಲು ಹಿಡಿಯುವ ನೆಪದಲ್ಲಿ ನಡೆದುಬಿಟ್ಟೆ.

ಮೊನ್ನೆ ಸ್ಟೇಷನ್ನಿನಲ್ಲಿ ನಿನ್ನ ಮಗ ಸಿಕ್ಕಿದ್ದ. ನಿನ್ನ ಬಗ್ಗೆ ವಿಚಾರಿಸಿದೆ. "ಅವ್ವಾ ಸುಬಹ್ ಯಾರ ಜೋಡಿನೂ ಜಗಳಾ ಮಾಡಲ್ಲ, ಮಾಸ್ತರ್‌ಜೀ. ಕಭೀ ನಹೀ," ಎಂದ. ಅವನು ನಗುತ್ತಲೇ ಹೇಳಿದ. ನನಗೆ ನಲ್ಲಿಯ ಹತ್ತಿರ ನೀನು ಹೇಳಿದ ಆ ಮುಂಜಾನೆಯ ಜಗಳ ನೆನಪಾಯಿತು.

ನಾಳೆ ಬರುತ್ತೇನೆ, ಗಂಗವ್ವ. ಮಗನನ್ನೂ ಸೊಸೆಯನ್ನೂ ಎದುರಿಗೆ ಕೂರಿಸಿಕೋ. ಕ್ಷಮೆ ಕೇಳುವುದಿಲ್ಲ — ಅದನ್ನು ಕೇಳುವ ಮುಖ ನನಗಿಲ್ಲ. ಬಸಪ್ಪ ನಿನ್ನ ಮೇಲಿನ ಸಿಟ್ಟಿಗೆ ಇಳಿಯಲಿಲ್ಲ. ಇಳಿಯಬೇಡ ಎಂದು ಅಲ್ಲಿ ಬರೆದಿದೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ.